ಬರಿ ಚೀಲ ಕೊಡಲಾಗ

ಶಿರಸಿಯಲ್ಲಿ ನಮ್ಮ ಓಣಿಗೆ ಬೆಳಿಗ್ಗೆ ಕಸದ ಗಾಡಿ ಬರುತ್ತದೆ. ಅದರ ಹಾಡು ತಿರುವಿನಲ್ಲಿ ಕೇಳಿದ್ದೇ ತಡ, ಎಲ್ಲರೂ ಬುಟ್ಟಿ ಹಿಡಿದು ಗೇಟಿಗೆ ಓಡುತ್ತೇವೆ. ಒಂದು ದಿನ ಗಾಡಿಯ ಜೊತೆ ಬರುವ ಹೆಂಗಸು ನನ್ನ ಒಣಕಸದ ಬುಟ್ಟಿಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದಳು. ಬನವಾಸಿ ಕಡೆಯವಳು, ಅವಳ ಮಾತಿಗೆ ಸುತ್ತುಬಳಸು ಗೊತ್ತಿಲ್ಲ.

"ಅಕ್ಕಾರ, ಮನ್ಯಾಗ ಇರೋರು ಇಬ್ಬರು. ಇಷ್ಟು ಪ್ಲಾಸ್ಟಿಕ್ ಎಲ್ಲಿಂದ ತರ್ತೀರಿ?"

ನಾನು ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಮಾಡಿದವಳು. ಪರಿಸರ ಸಂರಕ್ಷಣೆಯ ಮೇಲೆ ಎಷ್ಟು ಮಕ್ಕಳಿಂದ ಪ್ರಬಂಧ ಬರೆಸಿದ್ದೇನೋ ಲೆಕ್ಕವಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುತ್ತಾರಲ್ಲ, ಆ ಬದನೆಕಾಯಿಯನ್ನೂ ನಾನು ಪ್ಲಾಸ್ಟಿಕ್ ಕೊಟ್ಟೆಯಲ್ಲೇ ತರುತ್ತಿದ್ದೆ. ನಾಚಿಕೆಯಾಯಿತು. ಆ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಮನೆಯವರ ಎದುರು ಘೋಷಿಸಿದೆ: ಇನ್ನು ಪೇಟೆಗೆ ಬಟ್ಟೆ ಚೀಲ, ಮೊಸರಿಗೆ ನಮ್ಮದೇ ಡಬ್ಬಿ, ಪಾತ್ರೆ ತೊಳೆಯಲು ಅಂಟುವಾಳದ ಕಾಯಿ. ಅವರು ತಂಬುಳಿ ಸುರಿದುಕೊಳ್ಳುತ್ತಾ, "ನೋಡ್ವ" ಅಂದರು. ಅಷ್ಟೇ. ಅಂಟುವಾಳ ಎರಡು ವಾರ ಬಾಳಿತು. ಡಬ್ಬಿಯನ್ನು ವಾರಕ್ಕೆ ಮೂರು ಸಲ ಮರೆತೆ. ಚೀಲ ಮಾತ್ರ ಹಿಡಿಯಿತು, ಏಕೆಂದರೆ ಅದು ನನಗೆ ಹೊಸತಾಗಿರಲಿಲ್ಲ.

ನನ್ನ ತವರು ಉಮ್ಮಚಗಿ ಹತ್ತಿರ. ಅಲ್ಲಿ ನಾವು ಸಣ್ಣವರಿದ್ದಾಗ ಪರಿಸರ ಎಂಬ ಶಬ್ದವನ್ನು ಯಾರೂ ಆಡಿದ್ದು ಕೇಳಿಲ್ಲ. ಆದರೆ ಆಯಿ, ಅಂದರೆ ನನ್ನ ಅಮ್ಮ, ಹರಿದ ಹಾಸಿಗೆಯ ಪಟ್ಟೆಪಟ್ಟೆ ಬಟ್ಟೆಯಲ್ಲಿ ಹೊಲಿದ ಚೀಲ ಹತ್ತು ವರ್ಷ ಯಲ್ಲಾಪುರದ ಸಂತೆ ಮಾಡಿತ್ತು. ಹಿಡಿಕೆ ಕಿತ್ತ ಮೇಲೆ ಅದು ಕಾಳು ಹಾಕಿಡುವ ಚೀಲವಾಯಿತು, ತೂತು ಬಿದ್ದ ಮೇಲೆ ಒಲೆಯಿಂದ ಪಾತ್ರೆ ಇಳಿಸುವ ಮಸಿಬಟ್ಟೆಯಾಯಿತು. ಆಮೇಲೆ ಏನಾಯಿತೋ ನನಗೆ ಗೊತ್ತಿಲ್ಲ, ಆಯಿಗೆ ಖಂಡಿತ ಗೊತ್ತಿತ್ತು.

ಗದ್ದೆ ಬಯಲಿನ ಆಚೆ ನನ್ನ ಗೆಳತಿಯ ಮನೆ. ಒಂದೇ ತರಗತಿ, ಒಂದೇ ಬೆಂಚು. ಅವರ ಮನೆಯಿಂದ ಚೀಲದಲ್ಲಿ ಮೊಗೆಕಾಯಿ ಬಂದರೆ ಚೀಲ ವಾಪಸು ಹೋಗುವಾಗ ಅದರಲ್ಲಿ ಏನಾದರೂ ಇರಲೇಬೇಕು. ನಾಲ್ಕು ಲಿಂಬೆಹಣ್ಣೋ, ಒಂದು ಹಿಡಿ ಅಲಸಂದೆಯೋ, ಏನೂ ಇಲ್ಲದಿದ್ದರೆ ಒಂದೆಸಳು ಕರಿಬೇವೋ. "ಬರಿ ಚೀಲ ಕೊಡಲಾಗ" ಎನ್ನುತ್ತಿದ್ದಳು ಆಯಿ. ಖಾಲಿ ಚೀಲ ಕೊಡಬಾರದು ಎಂದು ಅವಳ ಕಾನೂನು. ಚೀಲ ಹೊರುವ ಕೆಲಸ ನಮ್ಮಿಬ್ಬರದು. ಒಮ್ಮೆ ಆಯಿ ದೊಡ್ಡ ಬೆಲ್ಲದ ಉಂಡೆ ಹಾಕಿ ಕಳಿಸಿದಳು. ಗೆಳತಿ ಎದುರಿಗೇ ಸಿಕ್ಕಳು. ಗದ್ದೆಯ ಅಂಚಿನ ಮೇಲೆ ಕೂತು, ಒಂದು ಚೂರು ಅವಳು, ಒಂದು ಚೂರು ನಾನು, ಹೀಗೆ ಇಡೀ ಉಂಡೆ ಮುಗಿಸಿದೆವು. ಖಾಲಿ ಚೀಲ ಕಂಡು ಅವಳ ಅಮ್ಮನಿಗೆ, ನಮ್ಮ ಮನೆಗೆ ತಮ್ಮ ಮೇಲೆ ಏನೋ ಬೇಸರ ಎಂದು ಅನುಮಾನ ಬಂದು, ಎಂಟು ದಿನ ಎರಡು ಮನೆಗಳ ನಡುವೆ ಮಾತು ನಿಂತಿತ್ತು. ನಿಜ ಹೊರಬಿದ್ದ ಮೇಲೆ ಇಬ್ಬರಿಗೂ ಬೆನ್ನ ಮೇಲೆ ಬಿತ್ತು.

ಆ ಗೆಳತಿಯೂ ಮದುವೆಯಾಗಿ ಶಿರಸಿಗೇ ಬಂದಳು. ಅವಳ ಮನೆ ನನ್ನ ಮನೆಯಿಂದ ಎರಡು ಓಣಿ ಆಚೆ. ದಿನಾ ಸಂಜೆ ಜೊತೆಗೆ ತಿರುಗಾಡಲು ಹೋಗುತ್ತೇವೆ. ಅವಳಿಲ್ಲದ ಶಿರಸಿ ನನಗೆ ಗೊತ್ತೇ ಇಲ್ಲ.

ಚೀಲ ಬೇಕೆಂದು ಕಪಾಟು ತೆಗೆದಾಗ ಕೆಳಗಿನ ಖಾನೆಯಲ್ಲಿ ಇಪ್ಪತ್ತು ಮೂವತ್ತು ಚೀಲ ಸಿಕ್ಕವು. ಎಲ್ಲ ತಾಂಬೂಲದ ಚೀಲಗಳು. ನಮ್ಮಲ್ಲಿ ಮದುವೆ, ಉಪನಯನ ಯಾವುದಕ್ಕೆ ಹೋದರೂ ಹೊರಡುವಾಗ ತೆಂಗಿನಕಾಯಿ, ಎಲೆ ಅಡಿಕೆ ಹಾಕಿ ಒಂದು ಬಟ್ಟೆ ಚೀಲ ಕೊಡುತ್ತಾರೆ. ಮೇಲೆ ಗಣಪತಿಯ ಚಿತ್ರ, ಕೆಳಗೆ ಹುಡುಗ ಹುಡುಗಿಯ ಹೆಸರು. ಅವುಗಳಲ್ಲಿ ಒಂದು ಕೆನೆಬಣ್ಣದ್ದು, ದಪ್ಪ ಬಟ್ಟೆ, ಉದ್ದ ಹಿಡಿಕೆ, ಐದು ಕಿಲೊ ಬಟಾಟೆ ಹಾಕಿದರೂ ಜಗ್ಗುವುದಿಲ್ಲ. ಬಟ್ಟೆ ಮುಟ್ಟಿ ನೋಡಿದೆನೇ ಹೊರತು ಅಕ್ಷರ ಓದಲಿಲ್ಲ. ಅಕ್ಷರ ಕಲಿಸಿ ಪಿಂಚಣಿ ತಗೊಳ್ಳುವವಳ ಕಥೆ ಇದು. ತಿಂಗಳುಗಟ್ಟಲೆ ಅದೇ ಚೀಲ ಹಿಡಿದು ಪೇಟೆ ಸುತ್ತಿದೆ. ಸಿಕ್ಕಿದವರಿಗೆಲ್ಲ ಉಪದೇಶವನ್ನೂ ಮಾಡಿದೆ.

ಒಂದು ಸಂತೆಯ ದಿನ ಸೊಪ್ಪಿನವಳ ಹತ್ತಿರ ಗೆಳತಿ ಸಿಕ್ಕಳು. ಅವಳ ಕೈಯಲ್ಲಿ ಮೂರು ಪ್ಲಾಸ್ಟಿಕ್ ಕೊಟ್ಟೆ. ನನಗೆ ಅಷ್ಟೇ ಸಾಕಾಯಿತು.

"ನಿಂಗೆ ಎಷ್ಟು ಸಲ ಹೇಳವು ಮಾರಾಯ್ತಿ? ನೋಡು, ಹೀಂಗಿದ್ದೊಂದು ಚೀಲ ತಗಂಬಪ್ಪಲೆ ಎಂತ ಕಷ್ಟ?" ಎಂದು ನನ್ನ ಚೀಲವನ್ನು ಎರಡೂ ಕೈಯಲ್ಲಿ ಅಗಲಿಸಿ, ತರಗತಿಯಲ್ಲಿ ನಕಾಶೆ ತೋರಿಸುವ ಹಾಗೆ ಅವಳ ಮುಖದ ಎದುರು ಹಿಡಿದೆ.

ಅವಳು ನೋಡಿದಳು. ಅವಳು ನೋಡುವುದನ್ನು ಕಂಡು ನಾನೂ ಬಗ್ಗಿ ನೋಡಿದೆ. ಕುಂಕುಮ ಬಣ್ಣದ ಅಕ್ಷರದಲ್ಲಿ ಅವಳ ಮಗಳ ಹೆಸರು, ಪಕ್ಕದಲ್ಲಿ ಆ ಹುಡುಗನ ಹೆಸರು. ಎರಡೇ ವರ್ಷಕ್ಕೆ ಮುರಿದುಹೋದ ಮದುವೆ. ಮಗಳು ಮನೆಗೆ ವಾಪಸು ಬಂದು ಆರು ತಿಂಗಳೂ ಆಗಿರಲಿಲ್ಲ.

"ಅರಿವೆ ಗಟ್ಟಿ ಇದ್ದು" ಎಂದಳು ಗೆಳತಿ. ಕೊಂಡ ಸೊಪ್ಪನ್ನೂ ಅಲ್ಲೇ ಬಿಟ್ಟು ಹೋದಳು.

ಅರಿವೆ ಗಟ್ಟಿ ಇರಲಿ ಎಂದು ಅಂದು ಅಂಗಡಿಯಲ್ಲಿ ಹೇಳಿದವಳು ನಾನೇ, ಅದೂ ಮರೆತಿತ್ತು. ಸಿದ್ದಾಪುರದಲ್ಲಿ ಮದುವೆ ಎಂದು ನಿಶ್ಚಯವಾದ ಮೇಲೆ ನಾವಿಬ್ಬರೇ ಹೋಗಿ ತಾಂಬೂಲದ ಚೀಲಕ್ಕೆ ಬಟ್ಟೆ ಆರಿಸಿದ್ದೆವು. ತೆಳ್ಳಗಿನದು ಬೇಡ, ಇಪ್ಪತ್ತು ವರ್ಷ ಬಾಳಿಕೆ ಬರುವುದು ಬೇಕು ಎಂದು ನಾನು ಹಟ ಹಿಡಿದಿದ್ದೆ. ಚೀಲದ ಗಂಜಿ ಹೋಗುವುದರೊಳಗೆ ಮದುವೆ ಮುರಿದಿತ್ತು.

ಅವಳು ಆ ಸಂಜೆ ತಿರುಗಾಡಲು ಬರಲಿಲ್ಲ. ಮರುದಿನವೂ ಇಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ನಾನು ಒಬ್ಬಳೇ ಎರಡು ದಿನ ಹೋಗಿ, ಮೂರನೆಯ ದಿನ ಅರ್ಧ ದಾರಿಯಿಂದ ತಿರುಗಿ ಬಂದೆ. ಐವತ್ತು ವರ್ಷದ ಸ್ನೇಹವನ್ನು ನಡುಪೇಟೆಯಲ್ಲಿ ಕೈಯಾರೆ ಕೆಡಿಸಿಕೊಂಡೆ ಅನಿಸಿ ಅಳು ಬಂತು. ಸಿಟ್ಟೂ ಬಂತು, ನನ್ನ ಮೇಲೆ, ನನ್ನ ಬಾಯಿಯ ಮೇಲೆ. ಚೀಲವನ್ನು ಕತ್ತರಿಸಿ ಮಸಿಬಟ್ಟೆ ಮಾಡೋಣ ಎಂದು ಕತ್ತರಿ ಹಿಡಿದೆ. ಹುಡುಗಿಯ ಹೆಸರಿನ ಮೇಲೆ ಕತ್ತರಿ ಆಡಿಸಲು ಕೈ ಏಳಲಿಲ್ಲ. ನಾನೇ ತೊಡೆಯ ಮೇಲೆ ಕೂರಿಸಿಕೊಂಡು ಓಂಕಾರ ಬರೆಸಿದ ಮಗು ಅದು.

ಹತ್ತನೆಯ ದಿನ ಚೀಲವನ್ನು ಒಗೆದು, ಒಳಗಿನದು ಹೊರಗೆ ಮಾಡಿ ತಿರುವಿದೆ. ಹಿಡಿಕೆ ಬಿಚ್ಚಿ ಈಚೆ ಬದಿಗೆ ಹೊಲಿದೆ. ಅಕ್ಷರ ಒಳಗೆ ಹೋಯಿತು. ಹಿತ್ತಿಲಿನ ಒಂದೆಲಗ ಕಿತ್ತು ತುಂಬಿಕೊಂಡು ಅವಳ ಮನೆಗೆ ಹೋದೆ.

ಬಾಗಿಲು ತೆಗೆದವಳು ನನ್ನನ್ನು ನೋಡಿದಳು, ಚೀಲ ನೋಡಿದಳು. ಕೈಯಿಂದ ಇಸಿದುಕೊಂಡು ಒಳಗೆ ಇಣುಕಿದಳು. ಕೂರು ಎನ್ನಲಿಲ್ಲ, ಅಟ್ಟ ಹತ್ತಿದಳು. ಇಳಿಯುವಾಗ ಅವಳ ಕೈಯಲ್ಲಿ ಹಳೆ ಸೀರೆಯಲ್ಲಿ ಕಟ್ಟಿದ ದೊಡ್ಡ ಗಂಟು. ಬಿಚ್ಚಿದರೆ ಅದೇ ಕೆನೆಬಣ್ಣದ ಚೀಲಗಳು. ಮದುವೆಯಲ್ಲಿ ಹಂಚಿ ಉಳಿದವು.

"ಬಿಸಾಡಲೂ ಮನಸ್ಸಾಗ್ತಿಲ್ಲೆ, ನೋಡಲೂ ಮನಸ್ಸಾಗ್ತಿಲ್ಲೆ" ಎಂದಳು. "ಹಿಡಿಕೆ ಹ್ಯಾಂಗೆ ಹಚ್ಚಿದ್ದೆ, ತೋರ್ಸು."

ನಾನು ಕ್ಷಮಿಸು ಎನ್ನಲು ಬಾಯಿ ತೆಗೆದೆ. "ಸುಮ್ಮಂಗೆ ಸೂಜಿ ಪೋಣಿಸು" ಎಂದಳು. ಇಬ್ಬರೂ ಜಗುಲಿಯಲ್ಲಿ ಕೂತು ಬಿಚ್ಚಿ, ತಿರುವಿ, ಹೊಲಿಯತೊಡಗಿದೆವು. ಹೊಲಿಗೆ ವಕ್ರವಾದಾಗ ಅವಳು ಬಯ್ದಳು, ನನಗೆ ಹಿತವಾಯಿತು.

ಅಷ್ಟರಲ್ಲಿ ಮಗಳು ಕೆಲಸಕ್ಕೆ ಹೊರಟು ಒಳಗಿನಿಂದ ಬಂದಳು. ನಾವಿಬ್ಬರೂ ಗಂಟನ್ನು ಸೆರಗಿನಲ್ಲಿ ಮುಚ್ಚಲು ನೋಡಿದೆವು. ಅವಳು ಬಗ್ಗಿ, ಇನ್ನೂ ತಿರುವದ ಒಂದು ಚೀಲ ಎಳೆದುಕೊಂಡು ಊಟದ ಡಬ್ಬಿ ಅದರಲ್ಲಿ ಇಟ್ಟಳು.

"ಅದು ಬ್ಯಾಡ, ಅಕ್ಷರ ಕಾಣ್ತು" ಎಂದಳು ಗೆಳತಿ, ನೆಲ ನೋಡುತ್ತಾ.

"ಕಾಣ್ಲಿ ಬಿಡು. ಅದ್ರಲ್ಲಿ ಒಂದು ಹೆಸರು ಯನ್ನದೇ ಅಲ್ದಾ" ಎಂದಳು ಹುಡುಗಿ. "ಚಿಕ್ಕಿ, ನೀನು ಊಟ ಮಾಡ್ಕಂಡೇ ಹೋಗು" ಎಂದು ನನಗೆ ಹೇಳಿ, ಚೀಲ ಹೆಗಲಿಗೆ ಹಾಕಿ, ಚಪ್ಪಲಿ ಮೆಟ್ಟಿ ಹೊರಟುಹೋದಳು.

ನಾವು ಹೊಲಿಗೆ ನಿಲ್ಲಿಸಿ ಅವಳು ಗೇಟು ದಾಟುವ ತನಕ ನೋಡಿದೆವು. ಗೆಳತಿ ಕಣ್ಣು ಒರೆಸಿಕೊಂಡಳು. ಆಮೇಲೆ ಉಳಿದವನ್ನು ತಿರುವಲಿಲ್ಲ, ಹಾಗೇ ಮಡಚಿ ಇಟ್ಟೆವು.

ನಾನು ಹೊರಡುವಾಗ ಅವಳು ನನ್ನ ಚೀಲವನ್ನು ಅಡುಗೆಮನೆಗೆ ಒಯ್ದು ತಂದು ಕೈಗೆ ಕೊಟ್ಟಳು. ಒಳಗೆ ಏನೋ ಭಾರವಿತ್ತು. ಕೈ ಹಾಕಿದರೆ ಬೆಲ್ಲದ ಉಂಡೆ.

"ದಾರಿ ಮೇಲೆ ತಿಂದು ಮುಗಿಸಬ್ಯಾಡ" ಎಂದಳು.