ಯಂತ್ರ ಓದದ ಸಾಲುಗಳು

ಎಂಬತ್ತರ ದಶಕದ ಕೊನೆಯಲ್ಲಿ ಯಶವಂತಪುರದ ಒಂದು ಸಣ್ಣ ಕಂಪ್ಯೂಟರ್ ಕಂಪನಿಯಲ್ಲಿ ನನಗೆ ಕೆಲಸ ಸಿಕ್ಕಿತು. ಸದ್ಯಕ್ಕೆ ಪ್ರೊಬೇಷನ್. ಖಾಯಂ ಆಗದಿದ್ದರೆ ಮನೆಯಲ್ಲಿ ಗಂಡು ನೋಡಲು ಶುರು ಮಾಡುವುದು ಖಾತ್ರಿಯಿತ್ತು. ಆದ್ದರಿಂದ ಏನು ಕೊಟ್ಟರೂ ಮಾಡಲು ತಯಾರಿದ್ದೆ.

ಕೊಟ್ಟದ್ದು ಕರ್ನಲ್, ಅಂದರೆ ಇಡೀ ಕಂಪ್ಯೂಟರನ್ನು ನಡೆಸುವ ಮೂಲ ಪ್ರೋಗ್ರಾಮು. ಅದರೊಳಗಿನ ತಪ್ಪು ಕಾಮೆಂಟುಗಳನ್ನು ನಾನು ತಿದ್ದಬೇಕು. ಯಾವ ಸಾಲು ಏನು ಮಾಡುತ್ತದೆ ಎಂದು ಬರೆದವರು ಓದುವವರಿಗೆ ಬಿಟ್ಟ ಟಿಪ್ಪಣಿಯೇ ಕಾಮೆಂಟು. ಯಂತ್ರ ಅದನ್ನು ಓದುವುದೇ ಇಲ್ಲ. ಕೊಡಿಗೇಹಳ್ಳಿಯ ಮನೆಯಲ್ಲಿ ಅಜ್ಜಿಗೆ ಇದನ್ನು ವಿವರಿಸಿ ಕೆಟ್ಟೆ.

"ಮಿಸೀನು ಓದಾಕಿಲ್ಲ, ನಾವೂ ಓದಾಕಿಲ್ಲ. ಅಂಗಾರೆ ನಿಂಗ್ಯಾಕೆ ಸಂಬಳ ಕೊಡ್ತಾರವ್ವ?"

ಆಫೀಸಿನಲ್ಲೂ ಅದೇ ಪ್ರಶ್ನೆ. ಒಂದು ಕಾಮೆಂಟು ತಿದ್ದಿದರೂ ಇಡೀ ಕರ್ನಲನ್ನು ಯಂತ್ರದ ಭಾಷೆಗೆ ಮತ್ತೆ ಕಟ್ಟಬೇಕು, ಅಷ್ಟು ಹೊತ್ತೂ ಎಲ್ಲರ ಟರ್ಮಿನಲ್ ತೆವಳುತ್ತಿತ್ತು. ಸಹೋದ್ಯೋಗಿಗಳು ನನ್ನನ್ನು ಕೆಕ್ಕರಿಸಿ ನೋಡಿ ಟೀ ಕುಡಿಯಲು ಹೋಗುತ್ತಿದ್ದರು.

ಮ್ಯಾನೇಜರಿಗೆ ಬೇರೆ ತಲೆನೋವು. ಅವರೇ ಬರೆದ ಪ್ರಿಂಟರ್ ಪ್ರೋಗ್ರಾಮು ಒಂದು ಸಾಲು ಅಚ್ಚು ಹಾಕಿ, "ಪ್ರಿಂಟರ್ ಉತ್ತರಿಸುತ್ತಿಲ್ಲ" ಎಂದು ಕೈಚೆಲ್ಲುತ್ತಿತ್ತು. ಆರ್.ಟಿ. ನಗರದಿಂದ ಬರುತ್ತಿದ್ದ ಮೆಕ್ಯಾನಿಕ್ ಪ್ರಿಂಟರನ್ನು ಬಿಚ್ಚಿ, ಮುಚ್ಚಿ, ಬೈಸಿಕೊಂಡು ಹೋಗುತ್ತಿದ್ದ.

ಆ ಸಿಟ್ಟಿನಲ್ಲೇ ಒಂದು ದಿನ ಮ್ಯಾನೇಜರ್ ನನ್ನ ಮೇಜಿಗೆ ಬಂದರು. "ನಿಮ್ ಕನ್ಫರ್ಮೇಷನ್ ಬಗ್ಗೆ ಬರೀಬೇಕಮ್ಮ. ಏನ್ ಮಾಡಿದ್ದೀರಿ, ತೋರ್ಸಿ."

ಹಳೆಯ ಕರ್ನಲನ್ನೂ ತಿದ್ದಿದ ಮೇಲೆ ಕಟ್ಟಿದ ಹೊಸದನ್ನೂ ಹೋಲಿಸುವ ಆಜ್ಞೆ ಕೊಟ್ಟೆ. ವ್ಯತ್ಯಾಸವಿದ್ದರೆ ಮಾತ್ರ ಅದು ಬಾಯಿ ಬಿಡುತ್ತದೆ. ಪರದೆ ಖಾಲಿಯೇ ಉಳಿಯಿತು.

"ಏನೂ ಬರ್ಲಿಲ್ವಲ್ಲ?"

"ಬರ್ಬಾರ್ದು ಸರ್. ಕಾಮೆಂಟ್ ಬಿಟ್ಟು ಬೇರೇನೂ ಮುಟ್ಟಿಲ್ಲ ಅಂತ ಅರ್ಥ."

"ಏನೂ ಆಗಿಲ್ಲ ಅಂತ ರಿಪೋರ್ಟಲ್ಲಿ ಹೆಂಗಮ್ಮ ಬರೀಲಿ?"

ನನಗೆ ಅಳುವೂ ಬಂತು, ಕೋಪವೂ ಬಂತು. ಕೋಪ ಮೊದಲು ಬಂದದ್ದು ನನ್ನ ಪುಣ್ಯ. ಕೈಗೆ ಸಿಕ್ಕ ಫೈಲು ತೆರೆದು, "ನೋಡಿ ಸರ್," ಎಂದೆ. "ಉತ್ತರಕ್ಕೆ ಎಷ್ಟು ಹೊತ್ತು ಕಾಯ್ಬೇಕು ಅನ್ನೋದನ್ನ ಸೆಕೆಂಡಲ್ಲಿ ಕೊಡಿ ಅಂತ ಹಳೇ ಕಾಮೆಂಟಲ್ಲಿತ್ತು. ಸುಳ್ಳು! ಅದು ಗಡಿಯಾರದ ಟಿಕ್. ಸೆಕೆಂಡಿಗೆ ಅರವತ್ತು. ಇದನ್ನ ನಂಬಿ ಹತ್ತು ಅಂತ ಕೊಟ್ಟವ್ರ ಪ್ರೋಗ್ರಾಮು ಕಣ್ಣು ಮಿಟುಕಿಸೋದ್ರೊಳ್ಗೆ ಕೈಬಿಡತ್ತೆ."

ಅವರು ಆ ಸಾಲನ್ನು ಓದಿದರು. ಮತ್ತೆ ಓದಿದರು. ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನನ್ನ ಕೆಲಸ ಹೋಯಿತೆಂದೇ ತಿಳಿದು ಟಿಫನ್ ಡಬ್ಬಿಯನ್ನು ಚೀಲಕ್ಕೆ ತುಂಬಿದೆ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಪ್ರಿಂಟರಿನ ಕರಕರ ಸದ್ದು ಶುರುವಾಯಿತು. ಈ ಸಲ ನಿಲ್ಲಲಿಲ್ಲ. ಮ್ಯಾನೇಜರ್ ಹೊರಬಂದು ಬಿಸಿಬಿಸಿ ಕಾಗದವೊಂದನ್ನು ನನ್ನ ಮೇಜಿನ ಮೇಲಿಟ್ಟು, "ಮೆಕ್ಯಾನಿಕ್‌ಗೆ ಇನ್ಮೇಲೆ ಬರೋದು ಬೇಡ ಅನ್ನಿ," ಎಂದಷ್ಟೇ ಹೇಳಿದರು.

ನನ್ನನ್ನು ಖಾಯಂ ಮಾಡಿದ ಪತ್ರ ಅದು. ಇಂಗ್ಲಿಷಿನ ಆ ಪತ್ರದಲ್ಲಿ ನನ್ನನ್ನು ಉದ್ದಕ್ಕೂ 'ಹೀ', 'ಹಿಸ್' ಎಂದು ಗಂಡಸಾಗಿಯೇ ಬರೆದಿದ್ದರು. ಅದನ್ನು ಮಾತ್ರ ತಿದ್ದಲು ಹೋಗಲಿಲ್ಲ.