ಅಪ್ಪ ಅಳಿಸಿದವರನ್ನೆಲ್ಲ ಮದುವೆಗೆ ಕರೆದ ಕಂಪ್ಯೂಟರ್

ಕಳೆದ ತಿಂಗಳು ನನ್ನ ತಂಗಿಯ ಮದುವೆಯಾಯಿತು. ಯಾರ್ಯಾರನ್ನು ಕರೆಯಲೇಬಾರದು ಎಂದು ನಮ್ಮಪ್ಪ ಹಟ ಹಿಡಿದಿದ್ದರೋ, ಅವರೆಲ್ಲ ಬಂದರು. ಮುಂದಿನ ಸಾಲಿನಲ್ಲೇ ಕೂತರು. ಎರಡೆರಡು ಸಲ ಪಾಯಸ ಹಾಕಿಸಿಕೊಂಡರು.

ಕರೆದದ್ದು ಯಾರು? ಅಪ್ಪನಂತೂ ಅಲ್ಲ. ನಾನೂ ಅಲ್ಲ.

ನಮ್ಮನೆಯ ಕಂಪ್ಯೂಟರ್!

ಹೌದು, ನನ್ನ ಮನೆಯಲ್ಲಿ ಕಂಪ್ಯೂಟರ್ ಇದೆ. ಎಂಬತ್ತರ ದಶಕ ಮುಗಿಯುತ್ತ ಬಂದರೂ ನಮ್ಮ ಚನ್ನಗಿರಿಯಲ್ಲಿ ಮನೆಗೆ ಕಂಪ್ಯೂಟರ್ ತಂದ ಹುಚ್ಚ ನಾನೊಬ್ಬನೇ ಇರಬೇಕು. ಹೈಸ್ಕೂಲಿನಲ್ಲಿ ಗಣಿತ ಹೇಳುವ ಮೇಷ್ಟ್ರಿಗೆ ಇದೆಲ್ಲ ಯಾಕೆ ಎಂದು ಕೇಳಬೇಡಿ. (ಮನೆಯಲ್ಲಿ ಕೇಳಿ ಮುಗಿದಿದೆ.) ಸೆಕೆಂಡ್ ಹ್ಯಾಂಡ್ ಮಾಲು. ಟೀವಿಗೆ ವೈರು ಸಿಕ್ಕಿಸಬೇಕು. ಜೊತೆಗೆ ಒಂದು ಪ್ರಿಂಟರ್ ಬಂದಿದೆ. ಅದು ಕೆಲಸ ಮಾಡುವಾಗ ಪಕ್ಕದ ಮನೆಯವರು ಹಿಟ್ಟಿನ ಗಿರಣಿ ಶುರುವಾಯಿತೆಂದು ಜೋಳ ಹೊತ್ತು ತಂದದ್ದೂ ಇದೆ.

ಮದುವೆಗೆ ಎರಡು ತಿಂಗಳಿರುವಾಗ ನನ್ನ ಹಳೆಯ ಕ್ಲಾಸ್‌ಮೇಟ್ ಗುರುಮೂರ್ತಿಯಿಂದ ಒಂದು ಪಾರ್ಸಲ್ ಬಂತು. ಅವನಿರುವುದು ಕಂಪ್ಯೂಟರ್ ತಯಾರಿಸುವ ಒಂದು ಸಣ್ಣ ಕಂಪನಿಯಲ್ಲಿ. ಒಳಗೆ ಒಂದು ಫ್ಲಾಪಿ, ಒಂದು ಕಾಗದ. ‘ಇದು ನಮ್ಮ ಹೊಸ ಆಪರೇಟಿಂಗ್ ಸಿಸ್ಟಂ. ಬೀಟಾ. ಹಾಕಿ ನೋಡು, ತಪ್ಪು ಕಂಡರೆ ಬರಿ.’

ಆಪರೇಟಿಂಗ್ ಸಿಸ್ಟಂ ಎಂದರೆ ಕಂಪ್ಯೂಟರಿನ ಯಜಮಾನ. ಯಾವ ಕೆಲಸ ಯಾರು ಮಾಡಬೇಕು, ಯಾವುದು ಎಲ್ಲಿರಬೇಕು ಎಂದು ಒಳಗೆ ಕೂತು ಹೇಳುವುದು ಅದೇ. ಸರಿ, ಬೀಟಾ ಎಂದರೆ?

ನಿಮಗಿಂತ ಮೊದಲು ಇದನ್ನು ಕೇಳಿದವರು ರಹಮತ್ ಸಾಬರು. ನಮ್ಮ ಬೀದಿಯಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟವರು. ನನ್ನ ಕಂಪ್ಯೂಟರಿಗೂ ಅವರೇ ಡಾಕ್ಟರು.

“ಪೂರ್ತಿ ತಯಾರಾಗಿಲ್ಲ ಸಾಬ್ರೇ. ಹೆಂಗೆ ನಡೀತೈತೆ ನೋಡಾಕೆ ಅಂತ ಕೊಟ್ಟಿದಾರೆ.”

“ಹಂಗಾರೆ ಬೀಟಾ ಅಲ್ರಿ ಮೇಷ್ಟ್ರೇ, ಬೇಟಾ ಅನ್ರಿ! ಇನ್ನೂ ಬೆಳೀಬೇಕು, ಹೇಳಿದ ಮಾತು ಕೇಳಲ್ಲ. ನಮ್ಮನೇಲೂ ಮೂರು ಅವೆ.”

ನಾನು ನಕ್ಕೆ. ನಗಬಾರದಿತ್ತು.

ಹೊಸ ಯಜಮಾನ ಬಂದ ಮೇಲೆ ಅವನಿಗೊಂದು ಕೆಲಸ ಬೇಕಲ್ಲ? ಮದುವೆಗೆ ಕರೆಯುವವರ ಹೆಸರು, ವಿಳಾಸಗಳನ್ನು ಅಪ್ಪನ ನೋಟ್‌ಬುಕ್ಕಿನಿಂದ ತೆಗೆದು ಕಂಪ್ಯೂಟರಿಗೆ ತುಂಬಿದೆ. ಎಲ್ಲ ಇಂಗ್ಲಿಷ್ ಅಕ್ಷರದಲ್ಲಿ; ಅದಕ್ಕೆ ಕನ್ನಡ ಬಾರದು. ಪ್ರಿಂಟರಿನಲ್ಲಿ ಚೀಟಿ ಮುದ್ರಿಸಿ ಲಗ್ನಪತ್ರಿಕೆಗಳ ಮೇಲೆ ಅಂಟಿಸುವುದೆಂದು ತೀರ್ಮಾನವಾಯಿತು. ಅಪ್ಪ ಟೀವಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತರು.

“ನ್ಯಾಮತಿ ಬಸವರಾಜಪ್ಪ ತೆಗಿ.”

“ಯಾಕಪ್ಪಾ?”

“ನಿಮ್ಮಜ್ಜ ತೀರಿಕೊಂಡಾಗ ಮನೆಗೆ ಬಂದು ನಕ್ಕಿದ್ದ.”

ಒಂದು ಕೀಲಿ ಒತ್ತಿದೆ. ಬಸವರಾಜಪ್ಪ ಮಾಯ. ಅಪ್ಪ ಮುಂದಕ್ಕೆ ಬಗ್ಗಿದರು.

“ಹೋದ್ನಾ?”

“ಹೋದ.”

“ಗುರುತೂ ಇಲ್ಲ?”

“ಇಲ್ಲ.”

ಅಪ್ಪನ ಮುಖದಲ್ಲಿ ಅಂಥ ತೃಪ್ತಿಯನ್ನು ನಾನು ನೋಡಿದ್ದು ಕಡಿಮೆ. ನೋಟ್‌ಬುಕ್ಕಿನಲ್ಲಿ ಗೀಟು ಹಾಕಿದರೆ ಹೆಸರು ಕೆಳಗಿನಿಂದ ಇಣುಕುತ್ತಿರುತ್ತದೆ. ಇಲ್ಲಿ ಮನುಷ್ಯನೇ ಇಲ್ಲ! ಬಸ್ಸಿನಲ್ಲಿ ಸೀಟು ಹಿಡಿದಿಡದ ಹೊನ್ನಾಳಿಯ ಹಾಲಪ್ಪ ಹೋದ. ಇಸ್ಪೀಟಿನಲ್ಲಿ ಎಲೆ ಬಚ್ಚಿಟ್ಟ ಸಾಸ್ವೆಹಳ್ಳಿಯ ಪರಮೇಶಿ ಹೋದ. ಉಬ್ರಾಣಿಯ ಇಬ್ಬರು ಯಾವ ತಪ್ಪನ್ನೂ ಮಾಡಿರಲಿಲ್ಲ. ಅಳಿಸುವ ಖುಷಿಗೆ ಹೋದರು.

ಕೊನೆಗೆ ದೊಡ್ಡಪ್ಪ. ಜಗಳೂರಿನಲ್ಲಿರುವ ಅಪ್ಪನ ಸ್ವಂತ ಅಣ್ಣ.

ಒಂಬತ್ತು ವರ್ಷದ ಹಿಂದೆ ಅಪ್ಪ ದೊಡ್ಡಪ್ಪನ ಎತ್ತನ್ನು ಸೋಮಾರಿ ಎಂದಿದ್ದರು. ಅಷ್ಟೇ. ಅಂದಿನಿಂದ ಮಾತಿಲ್ಲ. ಎತ್ತು ತೀರಿಕೊಂಡು ಐದು ವರ್ಷವಾಯಿತು. ಜಗಳ ಮಾತ್ರ ಮೈಕೈ ತುಂಬಿಕೊಂಡು ಆರೋಗ್ಯವಾಗಿತ್ತು.

ಬಾಗಿಲ ಬಳಿ ನಿಂತಿದ್ದ ತಂಗಿ ಸುಮಿತ್ರಾ, “ದೊಡ್ಡಪ್ಪನ್ನೂ ತೆಗೀತೀರಾ?” ಎಂದಳು.

“ತೆಗಿಯೋ,” ಎಂದು ಅಪ್ಪ ನನಗೆ ಹೇಳಿದರು. ತೆಗೆದೆ. ಸುಮಿತ್ರಾ ಒಳಗೆ ಹೋದಳು. ಒಟ್ಟು ಇಪ್ಪತ್ಮೂರು ಜನ ಅಳಿಸಿಹೋಗಿದ್ದರು.

ಮರುದಿನ ಬೆಳಿಗ್ಗೆ ಕರೆಂಟು ಬಂದದ್ದೇ ಪ್ರಿಂಟರ್ ಶುರು ಮಾಡಿದೆ. ಸ್ಕೂಲಿನ ಬೆಲ್ ಹೊಡೆಯುವ ಹೊತ್ತು. “ಚೀಟಿ ಬಂದಂಗೆ ಹರಿದು ಅಂಟಿಸಮ್ಮ, ಪೋಸ್ಟಿಗೆ ಹಾಕ್ಸು,” ಎಂದು ಸುಮಿತ್ರಾಳಿಗೆ ಹೇಳಿ ಸೈಕಲ್ ಹತ್ತಿದೆ. ಸಂಜೆ ಬರುವಷ್ಟರಲ್ಲಿ ಪತ್ರಿಕೆಗಳೆಲ್ಲ ಹೋಗಿದ್ದವು. ‘ಬಹಳ ಚೆನ್ನಾಗಿ ನಡೆಯುತ್ತಿದೆ’ ಎಂದು ಗುರುಮೂರ್ತಿಗೆ ಕಾರ್ಡು ಬರೆದೆ.

ಹತ್ತು ದಿನ ಕಳೆಯಿತು. ಸಂತೆಗೆ ಹೋದ ಅಪ್ಪ ತರಕಾರಿ ಇಲ್ಲದೆ, ಖಾಲಿ ಚೀಲ ಬೀಸುತ್ತ ಬಂದರು.

“ಬಸವರಾಜಪ್ಪ ಸಿಕ್ಕಿದ್ದ.”

“ಯಾವ ಬಸವರಾಜಪ್ಪ?”

“ನೀನು ಮಾಯ ಮಾಡಿದ್ಯಲ್ಲ, ಅವನು! ಸಂತೆ ನಡುವೆ ತಬ್ಕಂಡು ಅತ್ತ ಕಣೋ. ‘ಇಷ್ಟು ವರ್ಷಕ್ಕಾದ್ರೂ ನೆನಪಾತಲ್ಲ ಮಾರಾಯಾ, ಮನೆಮಂದಿಯೆಲ್ಲ ಬರ್ತೀವಿ’ ಅಂದ. ಏನು ಹೇಳ್ಲಿ ನಾನು?”

ಓಡಿಹೋಗಿ ಫ್ಲಾಪಿ ಹಾಕಿದೆ. ಟೀವಿಯಲ್ಲಿ ಪಟ್ಟಿ ಸರಿಯಾಗಿಯೇ ಇತ್ತು. ಪುನಃ ಪ್ರಿಂಟ್ ಕೊಟ್ಟೆ. ಹೊರಬಂದದ್ದು ಯಾರು? ಬಸವರಾಜಪ್ಪ, ಹಾಲಪ್ಪ, ಪರಮೇಶಿ, ಉಬ್ರಾಣಿಯ ಇಬ್ಬರು ಅಮಾಯಕರು, ದೊಡ್ಡಪ್ಪ. ಅಳಿಸಿದ ಇಪ್ಪತ್ಮೂರು ಜನ ಮಾತ್ರ!

ಆಗ ಗುರುಮೂರ್ತಿಯ ಕಾಗದದ ಹಿಂಬದಿ ಓದಿದೆ. (ಮೊದಲೇ ಓದಬೇಕಿತ್ತು. ಮಕ್ಕಳಿಗೆ ಪ್ರಶ್ನೆಪತ್ರಿಕೆಯ ಎರಡೂ ಬದಿ ಓದಿ ಎಂದು ದಿನಾ ಹೇಳುವವನು ನಾನೇ.) ‘ಅಳಿಸಿದ್ದು ನಿಜಕ್ಕೂ ಹೋಗುವುದಿಲ್ಲ, ಬೇರೆ ಕಡೆ ಭದ್ರವಾಗಿರುತ್ತದೆ. ಬೇಕಾದಾಗ ವಾಪಸ್ ಪಡೆಯಬಹುದು.’ ಕಂಪ್ಯೂಟರಿನ ಹೊಸ ಯಜಮಾನ ವಾಪಸ್ ಕೊಟ್ಟಿದ್ದ. ಯಾರೂ ಕೇಳದೆಯೇ. ಉಳಿದವರನ್ನು ಬಿಟ್ಟು.

ಹಾಗಾದರೆ ಕರೆಯಬೇಕಾದ ಎಂಬತ್ತು ಮನೆಗಳಿಗೆ ಪತ್ರಿಕೆಯೇ ಹೋಗಿಲ್ಲವೇ?

“ಹೋಗೈತೆ ಅಣ್ಣ,” ಎಂದಳು ಸುಮಿತ್ರಾ. ಹೂ ಕಟ್ಟುತ್ತಿದ್ದವಳು ತಲೆ ಎತ್ತಲಿಲ್ಲ. “ಮಿಷನ್ನು ಇಪ್ಪತ್ಮೂರು ಚೀಟಿ ಕೊಡ್ತು, ಅಂಟಿಸ್ದೆ. ಉಳಿದಿದ್ದಕ್ಕೆ ನೋಟ್‌ಬುಕ್ ನೋಡ್ಕಂಡು ಕೈಯಾಗೆ ಬರ್ದೆ.”

“ಅಂದ್ರೆ… ನಿಂಗೆ ಗೊತ್ತಿತ್ತಾ?”

“ನಂಗೂ ಇಂಗ್ಲಿಷ್ ಓದಾಕೆ ಬರ್ತೈತಲ್ಲ.”

ಅಪ್ಪ ಚೀಲ ನೆಲಕ್ಕೆ ಬಿಸಾಡಿದರು. “ಇಪ್ಪತ್ಮೂರು ಜನಕ್ಕೂ ಕಾಗದ ಬರಿ. ಬರಬ್ಯಾಡ್ರಿ ಅನ್ನು!”

ಸುಮಿತ್ರಾ ಹೂವನ್ನು ಬದಿಗಿಟ್ಟು ಎದ್ದು ನಿಂತಳು. ಅಪ್ಪನ ಎದುರು ಅವಳು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

“ಮದುವೆ ನಂದು, ಅಪ್ಪಾ. ಸೂಳೆಕೆರೆ ಕೋಡಿ ಬಿದ್ದಾಗ ನನ್ನನ್ನ ಹೆಗಲ ಮೇಲೆ ಕೂರಿಸ್ಕಂಡು ತೋರ್ಸಿದ್ದು ದೊಡ್ಡಪ್ಪ. ಒಂದು ಎತ್ತಿನ ಮಾತಿಗೆ ಅವರನ್ನ ಬಿಡಾಕೆ ನನ್ನ ಕೈಲಾಗಲ್ಲ. ಬರಬ್ಯಾಡ ಅಂತ ಬರೆಯೋದಾದ್ರೆ ಗಂಡಿನ ಕಡೆಯೋರಿಗೂ ಒಂದು ಬರೀರಿ.”

ಅಪ್ಪ ಚೀಲ ಎತ್ತಿಕೊಂಡು ಮತ್ತೆ ಸಂತೆಗೆ ಹೋದರು.

ಮದುವೆಯ ದಿನ ದೊಡ್ಡಪ್ಪ ಮೊದಲ ಬಸ್ಸಿಗೇ ಬಂದಿಳಿದರು. ಚಪ್ಪರದ ಬಾಯಲ್ಲಿ ಅಪ್ಪ. ಇಬ್ಬರೂ ನಿಂತರು.

“ಲಗ್ನಪತ್ರಿಕೆ ಹಾಕಿದೀಯ ಅಂದ್ರೆ ನನ್ನ ಎತ್ತು ಸೋಮಾರಿ ಅಲ್ಲ ಅಂತ ಒಪ್ಕಂಡಂಗೆ. ಅದಕ್ಕೆ ಬಂದೆ,” ಎಂದರು ದೊಡ್ಡಪ್ಪ.

“ನಾನು ಒಪ್ಪಿಲ್ಲ. ಒಪ್ಪಿದ್ದು ಮಿಷನ್ನು.”

“ಎಲ್ಲೈತೆ ಅದು? ತೋರ್ಸು.”

ಮಗಳ ಧಾರೆಗೆ ಇನ್ನೊಂದು ಗಂಟೆಯಿರುವಾಗ ಅಣ್ಣ ತಮ್ಮ ಇಬ್ಬರೂ ಟೀವಿಯ ಮುಂದೆ ಹೋಗಿ ಕೂತರು. ಪರದೆಯ ಮೇಲೆ ಪಿಳಿಪಿಳಿ ಅನ್ನುವ ಒಂದು ಚುಕ್ಕೆ ಬಿಟ್ಟರೆ ಏನೂ ಇಲ್ಲ. ದೊಡ್ಡಪ್ಪ ಅದಕ್ಕೆ ಕುಂಕುಮ ಹಚ್ಚಿ, ಎಲೆ ಅಡಿಕೆ ಇಟ್ಟು, “ನ್ಯಾಯ ಗೊತ್ತಿರೋ ಮಿಷನ್ನು” ಎಂದರು.

“ಸೋಮಾರಿನೇ ಆಗಿತ್ತು ಬಿಡಣ್ಣ,” ಎಂದು ಅಪ್ಪ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು.

ದೊಡ್ಡಪ್ಪ ಸ್ವಲ್ಪ ಯೋಚಿಸಿದರು. “ಸ್ವಲ್ಪ,” ಎಂದರು.

ಇಬ್ಬರೂ ನಕ್ಕ ನಗುವಿಗೆ ಅಡುಗೆಯವರು ಸೌಟು ಹಿಡಿದೇ ಓಡಿಬಂದರು. ಧಾರೆಗೆ ಕರೆಯಲು ಹೋದ ರಹಮತ್ ಸಾಬರು ಇಬ್ಬರ ಕಣ್ಣಲ್ಲೂ ನೀರು ನೋಡಿ, ಮತ್ತೆ ಜಗಳವಾಯಿತೆಂದು ಹೆದರಿ ಟೀವಿ ಆರಿಸಿಬಿಟ್ಟರು.

ಮದುವೆ ಮುಗಿದು ವಾರ ಕಳೆದ ಮೇಲೆ ನಡೆದದ್ದನ್ನೆಲ್ಲ ಒಂದೂ ಬಿಡದೆ ಗುರುಮೂರ್ತಿಗೆ ಬರೆದೆ. ಮೊನ್ನೆ ಉತ್ತರ ಬಂತು. ‘ನೀನು ಹೇಳಿದ ದೋಷ ನಮ್ಮಲ್ಲಿ ಎಷ್ಟು ಪ್ರಯತ್ನಿಸಿದರೂ ಕಾಣಿಸುತ್ತಿಲ್ಲ. ದಯವಿಟ್ಟು ಎಲ್ಲವನ್ನೂ ಮೊದಲಿನಿಂದ, ಅದೇ ಕ್ರಮದಲ್ಲಿ, ಇನ್ನೊಮ್ಮೆ ನಡೆಸಿ ನೋಡಿ ತಿಳಿಸು.’

ನನಗಿರುವುದು ಒಬ್ಬಳೇ ತಂಗಿ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಮದುವೆ ಇದೆಯೇ?