ಸಂಡಿಗೆ ನಡುವೆ ಗಾಲ್ಫ್

ಭಾನುವಾರ ಬಾಸ್ ಜೊತೆ ಗಾಲ್ಫ್ ಆಡಬೇಕಿತ್ತು. ಕೋಲು ಬೀಸಿದಾಗೆಲ್ಲ ನನ್ನ ಕಾಲು ಅತ್ತಿತ್ತ ಸರಿದು ಗುರಿ ತಪ್ಪುತ್ತಿತ್ತು. ಬಸವನಗುಡಿಯ ಬಾಡಿಗೆ ಮನೆಯ ತಾರಸಿಯಲ್ಲಿ, ಚೆಂಡಿಲ್ಲದೆ ಅಭ್ಯಾಸಕ್ಕೆ ನಿಂತೆ. ಒಮ್ಮೆ ಜೋರಾಗಿ ಬೀಸಿ ಹಿಂದೆ ಸರಿದವನು, ಓನರ್ ಅಜ್ಜಿ ಹಳೇ ಸೀರೆಗಳ ಮೇಲೆ ಒಣಹಾಕಿದ್ದ ಸಂಡಿಗೆ ತುಳಿದುಬಿಟ್ಟೆ. ತಿರುಗಿದರೆ ಅಜ್ಜಿ ಬಾಗಿಲಲ್ಲೇ ನಿಂತಿದ್ದಾರೆ!

“ಏನಪ್ಪಾ ಇದು?”

“ಗಾಲ್ಫ್, ಅಜ್ಜಿ.”

“ಆಡು, ನೋಡ್ತೀನಿ. ಇನ್ನೊಂದು ಸಂಡಿಗೆ ಮುರೀತೋ, ಮನೆ ಖಾಲಿ ಮಾಡು.”

ಎರಡು ಸೀರೆಗಳ ನಡುವಿನ ಚೂರು ಜಾಗದಲ್ಲಿ ಎಡಗಾಲು ಊರಿ, ಬಲಗಾಲಿನ ಹಿಮ್ಮಡಿ ಮಾತ್ರ ಎತ್ತಿ, ಬೀಸಿದೆ. ಕಾಲು ಕದಲಲಿಲ್ಲ.

ಭಾನುವಾರ ಚೆಂಡು ನೆಟ್ಟಗೆ ಹಾರಿತು. “ಯಾರ್ರೀ ನಿಮ್ಮ ಕೋಚು?” ಅಂದರು ಬಾಸ್. ಉತ್ತರ ಕೊಡುವ ಮೊದಲು, ಅಷ್ಟಗಲದ ಹುಲ್ಲಿನ ಮೇಲೂ, ಕಾಲಡಿ ಏನಾದರೂ ಮುರಿದಿದೆಯಾ ಅಂತ ಬಗ್ಗಿ ನೋಡಿಕೊಂಡೆ.